ಕಾಣದ ಬೆಸುಗೆ

ಹೋದ ತಿಂಗಳು ಹಳೆಯ ಗೆಳತಿ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿದ ಮೇಲೆ, "ಅಲ್ವೇ, ಇನ್ನೂ ಎಷ್ಟು ವರ್ಷ ಬೇರೆಯವರ ಪುಸ್ತಕ ತಿದ್ದುತ್ತಾ ಕೂತಿರ್ತೀಯ? ನಿನ್ನ ಕಾದಂಬರಿ ಎಲ್ಲಿಗೆ ಬಂತು?" ಅಂದಳು. ಪ್ರೀತಿಯಿಂದಲೇ ಕೇಳಿದ್ದು. ನಾನು ಬರೆದದ್ದನ್ನು ಮೊದಲು ಓದಿದವಳೇ ಅವಳು, ಹಾಗಾಗಿ ಕೇಳುವ ಹಕ್ಕೂ ಅವಳಿಗಿದೆ. ನಾನು ಏನೋ ಹೇಳಿ ಮಾತು ಬದಲಿಸಿದೆ. ಆದರೆ ಫೋನ್ ಇಟ್ಟ ಮೇಲೂ ಆ ಮಾತು ಕಿವಿಯಲ್ಲೇ ಉಳಿಯಿತು. ಅವತ್ತು ನನ್ನ ಮೇಜಿನ ಮೇಲೆ ಮೂರು ಹಸ್ತಪ್ರತಿಗಳಿದ್ದವು. ಮೂರೂ ಬೇರೆಯವರವು. ನನ್ನದು ಕೆಳಗಿನ ಡ್ರಾಯರಿನಲ್ಲಿತ್ತು. 40 ಪುಟಕ್ಕೆ ಬಂದು ನಿಂತಿತ್ತು.

ನಾನು ಪುಸ್ತಕಗಳ ಸಂಪಾದಕಿ ಅಂದರೆ ಜನ ಮೊದಲು ಕೇಳುವುದು "ಯಾವ ಪತ್ರಿಕೆ?" ಅಂತ. ತಪ್ಪೇನಿಲ್ಲ. ಕನ್ನಡದಲ್ಲಿ ಸಂಪಾದಕರು ಅಂದರೆ ಪತ್ರಿಕೆಯವರು. ಇಲ್ಲವೇ ಓಲೆಗರಿಗಳನ್ನು ಮುಂದಿಟ್ಟುಕೊಂಡು, ಪಾಠಾಂತರ ನೋಡಿ, ಹಳೆಯ ಕಾವ್ಯವನ್ನು ಅಚ್ಚಿಗೆ ಸಿದ್ಧ ಮಾಡುವ ವಿದ್ವಾಂಸರು. ಬದುಕಿರುವ ಲೇಖಕರ ಎದುರು ಕೂತು, "ಈ ಅಧ್ಯಾಯ ಇಲ್ಲಿ ಬೇಡ, ಹಿಂದಕ್ಕೆ ಹೋಗಲಿ" ಅನ್ನುವವರಿಗೆ ನಮ್ಮಲ್ಲಿ ಇನ್ನೂ ಒಂದು ಗಟ್ಟಿ ಹೆಸರು ಕೂತಿಲ್ಲ. ಪ್ರೂಫ್ ನೋಡುವವರಿದ್ದಾರೆ. ಮುನ್ನುಡಿ, ಬೆನ್ನುಡಿ ಬರೆಯುವವರಿದ್ದಾರೆ. ನಡುವಿನ ಈ ಕೆಲಸ ಎಷ್ಟೋ ಸಲ ಲೇಖಕರ ಗೆಳೆಯರ ಪಾಲಿಗೆ ಬರುತ್ತದೆ. ಗೆಳೆಯರಿಗೆ ಪುರುಸೊತ್ತಿಲ್ಲದಿದ್ದರೆ ಯಾರೂ ಮಾಡುವುದಿಲ್ಲ, ಪುಸ್ತಕ ಹಾಗೇ ಅಚ್ಚಾಗುತ್ತದೆ. ಹೆಸರಿಲ್ಲದ ಕೆಲಸ ಕಣ್ಣಿಗೂ ಕಾಣುವುದಿಲ್ಲ. ಗೆಳತಿಗೆ ಅದು ನನ್ನ ದಾರಿಗೆ ಅಡ್ಡ ಬಿದ್ದ ಮರದ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆ ಪ್ರಶ್ನೆ ಕೊರೆಯುತ್ತಿದ್ದ ದಿನಗಳಲ್ಲಿ ಅಮೆರಿಕದ ಕಪ್ಪು ಲೇಖಕಿ ಟೋನಿ ಮಾರಿಸನ್ ಮತ್ತೆ ನೆನಪಾದರು. ಅವರನ್ನು ಕಾದಂಬರಿಕಾರ್ತಿ ಅಂತ ಪರಿಚಯ ಮಾಡಿಕೊಡಬೇಕಿಲ್ಲ. 1993ರ ನೊಬೆಲ್, 'ಬಿಲವೆಡ್' ಕಾದಂಬರಿಗೆ ಬಂದ ಪುಲಿಟ್ಜರ್, ಎಲ್ಲ ಗೊತ್ತಿರುವುದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಲೆಕ್ಕ. 1965ರಿಂದ 1983ರವರೆಗೆ, ಸುಮಾರು 18 ವರ್ಷ, ಅವರು ರ‍್ಯಾಂಡಮ್ ಹೌಸ್ ಪ್ರಕಾಶನದಲ್ಲಿ ನೌಕರಿ ಮಾಡಿದರು. ದಿನವಿಡೀ ಬೇರೆಯವರ ಹಸ್ತಪ್ರತಿ ಓದುವ ನೌಕರಿ. ಅವರ ಮೊದಲ ನಾಲ್ಕು ಕಾದಂಬರಿಗಳು ಹೊರಬಂದದ್ದು ಆ ವರ್ಷಗಳಲ್ಲೇ. ಗೆಳತಿಯ ಪ್ರಶ್ನೆಯನ್ನು ಮಾರಿಸನ್ ಅವರಿಗೂ ಯಾರೋ ಕೇಳಿಯೇ ಇರುತ್ತಾರೆ, ಅಲ್ವಾ?

ಮಕ್ಕಳು ಮಲಗಿದ ಮೇಲೆ

ಆ ನೌಕರಿ ಶುರುವಾದದ್ದು ನ್ಯೂಯಾರ್ಕ್ ನಗರದಲ್ಲಲ್ಲ, ಅದೇ ರಾಜ್ಯದ ಸಿರಾಕ್ಯೂಸ್‌ನಲ್ಲಿ. ರ‍್ಯಾಂಡಮ್ ಹೌಸ್‌ಗೆ ಸೇರಿದ ಪಠ್ಯಪುಸ್ತಕ ವಿಭಾಗದಲ್ಲಿ. ಅದಕ್ಕೆ ಮೊದಲು ಅವರು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. 1964ರಲ್ಲಿ ಮದುವೆ ಮುರಿದಿತ್ತು. ಇಬ್ಬರು ಪುಟ್ಟ ಗಂಡುಮಕ್ಕಳು. ಗುರುತು ಪರಿಚಯ ಇಲ್ಲದ ಊರು, ವಿಪರೀತ ಹಿಮ ಬೀಳುವ ಊರು. ಹಗಲೆಲ್ಲ ಶಾಲೆಯ ಪುಸ್ತಕಗಳ ಕೆಲಸ, ಮನೆಗೆ ಬಂದರೆ ಮಕ್ಕಳ ಕೆಲಸ. ಅವು ಮಲಗಿದ ಮೇಲೆ ಒಂದು ಹಳೆಯ ಕತೆಯನ್ನು ತೆಗೆದು ಕೂರುತ್ತಿದ್ದರು. ಹೋವರ್ಡ್‌ನಲ್ಲಿದ್ದಾಗ ಬರೆಯುವವರ ಒಂದು ಸಣ್ಣ ಗುಂಪಿನಲ್ಲಿ ಓದಲೆಂದು ಬರೆದ ಕತೆ. ತನಗೆ ನೀಲಿ ಕಣ್ಣು ಬೇಕು ಅಂತ ಹಂಬಲಿಸುವ ಕಪ್ಪು ಹುಡುಗಿಯ ಕತೆ. ಅದೇ ಬೆಳೆದು 'ದಿ ಬ್ಲೂಯೆಸ್ಟ್ ಐ' ಆಯಿತು. 1970ರಲ್ಲಿ ಪ್ರಕಟವಾಗುವ ಹೊತ್ತಿಗೆ ಅವರಿಗೆ 39 ವರ್ಷ.

ಆ ದಿನಗಳ ಬಗ್ಗೆ ಅವರು ಹೇಳಿಕೊಂಡ ಒಂದು ಸಂಗತಿ ನನಗೆ ಬಹಳ ಇಷ್ಟ. ಹಳದಿ ಹಾಳೆಯ ಪ್ಯಾಡಿನಲ್ಲಿ ಪೆನ್ಸಿಲ್ ಹಿಡಿದು ಬರೆಯುತ್ತಿದ್ದಾರೆ. ಪಕ್ಕದಲ್ಲೇ ಮಗು. ಮಗು ಹಾಳೆಯ ಮೇಲೆ ಕಕ್ಕಿಬಿಡುತ್ತದೆ. ಒರೆಸುವುದಕ್ಕೆ ಆಮೇಲೂ ಆಗುತ್ತದೆ, ಈ ವಾಕ್ಯ ಮಾತ್ರ ಆಮೇಲೆ ಸಿಗಲಿಕ್ಕಿಲ್ಲ. ಅದಕ್ಕೇ ಅವರು ಕಕ್ಕಿದ್ದರ ಸುತ್ತ ಜಾಗ ಬಿಟ್ಟು ಬರೆಯುತ್ತಾ ಹೋದರಂತೆ. ಮಗು ಸಾಕಿದವರು ಯಾರೂ ಇದನ್ನು ಸುಮ್ನೆ ಓದಿ ಮುಂದೆ ಹೋಗಲಾರರು. ಆ ಹಾಳೆಯ ವಾಸನೆ, ಒದ್ದೆಯಾಗಿ ಏಳುವ ಕಾಗದ, ಅದರ ಮಗ್ಗುಲಲ್ಲೇ ಹರಿಯುವ ಅಕ್ಷರ. ಬರೆಯುವುದಕ್ಕೆ ತನ್ನದೇ ಒಂದು ಕೋಣೆ ಬೇಕು, ಮೌನ ಬೇಕು ಅಂತೆಲ್ಲ ನಾನೂ ಬಹಳ ವರ್ಷ ನಂಬಿಕೊಂಡಿದ್ದೆ. ಕೋಣೆ ಸಿಕ್ಕಿದ್ದರೆ ಅವರೂ ಬೇಡ ಅನ್ನುತ್ತಿರಲಿಲ್ಲ. ಸಿಗಲಿಲ್ಲ, ಬರೆದರು.

ಮುಂದೆ ರಾತ್ರಿ ಬಿಟ್ಟು ನಸುಕನ್ನು ಹಿಡಿದರು. ಕತ್ತಲಿರುವಾಗಲೇ ಎದ್ದು ಕಾಫಿ ಮಾಡಿಕೊಂಡು, ಬೆಳಕು ಬರುವುದನ್ನು ನೋಡುತ್ತಾ ಕೂತು, ಆಮೇಲೆ ಬರೆಯುವುದು. ಮಕ್ಕಳು "ಅಮ್ಮಾ" ಅನ್ನುವ ಮೊದಲು ಸಿಗುವ ಹೊತ್ತು ಅಂತ ಶುರು ಮಾಡಿದ್ದು, ಮಕ್ಕಳು ದೊಡ್ಡವರಾದ ಮೇಲೂ ಬಿಡಲಿಲ್ಲ.

ಆ ಮೊದಲ ಕಾದಂಬರಿಯನ್ನು ಅವರು ಕೊಟ್ಟದ್ದು ಬೇರೆ ಪ್ರಕಾಶಕರಿಗೆ. ತಾನು ಕಾದಂಬರಿ ಬರೆಯುತ್ತಿದ್ದೇನೆ ಅಂತ ಆಫೀಸಿನಲ್ಲಿ ಹೇಳಿಯೂ ಇರಲಿಲ್ಲ. ಪತ್ರಿಕೆಯಲ್ಲಿ ವಿಮರ್ಶೆ ಬಂದ ಮೇಲೆಯೇ ಸಹೋದ್ಯೋಗಿಗಳಿಗೆ ಗೊತ್ತಾದದ್ದು. ತನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಅದಕ್ಕಲ್ಲವಲ್ಲ, ಅನ್ನುವುದು ಅವರ ವಿವರಣೆ. ನನಗೆ ಅದರಲ್ಲಿ ಇನ್ನೊಂದು ಎಚ್ಚರವೂ ಕಾಣುತ್ತದೆ. ಎದುರಿಗೆ ಕೂತವರು ತಮ್ಮ ಪುಸ್ತಕದ ಚಿಂತೆ ಹೊತ್ತು ಬಂದಿರುತ್ತಾರೆ. ಆ ಹೊತ್ತಿನಲ್ಲಿ ಸಂಪಾದಕಿ ತನ್ನ ಪುಸ್ತಕವನ್ನು ಮೇಜಿನ ಮೇಲೆ ಇಡಬಾರದು. ನಾನು ಈ ನಿಯಮವನ್ನು ಮುರಿದ ದಿನಗಳಿವೆ, ಆಮೇಲೆ ನೊಂದುಕೊಂಡಿದ್ದೇನೆ.

"ಅದು ನೋಡೋಕೆ ಹೇಗಿತ್ತು?"

ಅವರ ಮೇಜಿನ ಮೇಲಿಂದ ಹಾದುಹೋದ ಪುಸ್ತಕಗಳನ್ನು ನೆನೆಸಿಕೊಂಡರೆ ಒಂದು ಊರೇ ಕಣ್ಣ ಮುಂದೆ ಬರುತ್ತದೆ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಏಂಜೆಲಾ ಡೇವಿಸ್ ಅವರ ಆತ್ಮಕಥೆ. ಮುಹಮ್ಮದ್ ಅಲಿಯ ಆತ್ಮಕಥೆ. ಟೋನಿ ಕೇಡ್ ಬಂಬಾರಾ ಅವರ ಕತೆಗಳು. ಕವಿ ಲೂಸಿಲ್ ಕ್ಲಿಫ್ಟನ್, ಕಾದಂಬರಿಕಾರ ಲಿಯಾನ್ ಫಾರೆಸ್ಟ್ ಅವರ ಪುಸ್ತಕಗಳು. ಗೇಲ್ ಜೋನ್ಸ್ ಅನ್ನುವ ಎಳೆಯ ಹುಡುಗಿಯ ಹಸ್ತಪ್ರತಿ ಅವಳ ಗುರುಗಳ ಮೂಲಕ ಇವರ ಕೈಗೆ ಬಂತು. ಅದನ್ನು ಓದಿದ ಮೇಲೆ, ಕಪ್ಪು ಹೆಣ್ಣಿನ ಬಗ್ಗೆ ಇನ್ನು ಯಾವ ಕಾದಂಬರಿಯೂ ಮೊದಲಿನ ಹಾಗಿರಲು ಸಾಧ್ಯವಿಲ್ಲ ಅಂತ ಅನ್ನಿಸಿತಂತೆ ಅವರಿಗೆ. 1975ರಲ್ಲಿ ಆ ಕಾದಂಬರಿ ಬಂದಾಗ ಜೋನ್ಸ್‌ಗೆ ಇನ್ನೂ 25ರ ಆಸುಪಾಸು. ಹೆನ್ರಿ ಡುಮಾಸ್ ಅಂತ ಒಬ್ಬ ಕವಿ ಇದ್ದರು. 1968ರಲ್ಲಿ ನ್ಯೂಯಾರ್ಕ್‌ನ ಒಂದು ಸುರಂಗ ರೈಲು ನಿಲ್ದಾಣದಲ್ಲಿ ಪೊಲೀಸನ ಗುಂಡಿಗೆ ಬಲಿಯಾದರು. 33 ವರ್ಷ. ಬದುಕಿದ್ದಾಗ ಪುಸ್ತಕ ಕಾಣದ ಆ ಕವಿಯ ಕತೆ, ಕವಿತೆಗಳನ್ನು ಗೆಳೆಯರು ಜೋಪಾನ ಮಾಡಿದ್ದರು. 1974ರಲ್ಲಿ ಮಾರಿಸನ್ ಅವನ್ನು ರ‍್ಯಾಂಡಮ್ ಹೌಸ್‌ನಿಂದ ತಂದರು. ಸತ್ತವರು ಬಂದು ಪುಸ್ತಕದ ಪ್ರಚಾರ ಮಾಡುವುದಿಲ್ಲ, ಮುಂದಿನ ಪುಸ್ತಕ ಕೊಡುವುದೂ ಇಲ್ಲ. ವ್ಯಾಪಾರದ ಕಣ್ಣಿಗೆ ಅದರಲ್ಲಿ ಏನೂ ಇಲ್ಲ. ಆದರೂ ಮಾಡಿದರು.

ಡೇವಿಸ್ ಆ ಆತ್ಮಕಥೆ ಬರೆಯುವಾಗ ಇನ್ನೂ ಮೂವತ್ತು ದಾಟಿರಲಿಲ್ಲ. ಜೈಲು, ವಿಚಾರಣೆ, ದೇಶವಿಡೀ ಹೆಸರು. ರಾಜಕೀಯ ಬರೆಯುವುದು ಅವರಿಗೆ ಬರುತ್ತಿತ್ತು. ತನ್ನ ಬಗ್ಗೆ ಬರೆಯಲು ಸಂಕೋಚ. ಮಾರಿಸನ್ ತನಗಾಗಿ ಒಂದು ಸಾಲನ್ನೂ ತಿರುಗಿ ಬರೆದುಕೊಡಲಿಲ್ಲ, ಪ್ರಶ್ನೆ ಕೇಳುತ್ತಿದ್ದರು ಅಂತ ಡೇವಿಸ್ ಮುಂದೆ ನೆನೆದಿದ್ದಾರೆ. ಆ ಜಾಗ ನೋಡೋಕೆ ಹೇಗಿತ್ತು? ಅಲ್ಲಿ ಯಾರಿದ್ದರು? ಇಂಥವು. ಇಷ್ಟು ಸರಳ ಪ್ರಶ್ನೆಗೆ ಉತ್ತರ ಬರೆಯಲು ಹೊರಟರೆ ಬರೆಯುವವರು ಆ ಕೋಣೆಗೆ ವಾಪಸು ಹೋಗಲೇಬೇಕು. ಮಾರಿಸನ್ ಕಾರು ಓಡಿಸುವಾಗ ಟ್ರಾಫಿಕ್‌ನಲ್ಲಿ ನಿಂತರೆ ಸಾಕು, ಒಂದು ಚೂರು ಕಾಗದದ ಮೇಲೆ ಏನೋ ಗೀಚಿಕೊಳ್ಳುತ್ತಿದ್ದರು ಅಂತಲೂ ಡೇವಿಸ್ ಹೇಳಿದ್ದಾರೆ. ಹಗಲು ಬೇರೆಯವರ ಪುಸ್ತಕ, ಕೆಂಪು ದೀಪದಲ್ಲಿ ತನ್ನದು.

1974ರಲ್ಲೇ ಬಂದ ಇನ್ನೊಂದು ಪುಸ್ತಕ 'ದಿ ಬ್ಲ್ಯಾಕ್ ಬುಕ್'. ಅದನ್ನು ಓದುವುದಕ್ಕಿಂತ ತಿರುವಿಹಾಕಬೇಕು. ಅಮೆರಿಕದ ಕಪ್ಪು ಜನರ ಸುಮಾರು ಮುನ್ನೂರು ವರ್ಷಗಳ ಬದುಕಿನ ಚೂರುಗಳು. ಫೋಟೊಗಳು, ಗುಲಾಮರನ್ನು ಮಾರಿದ ರಸೀದಿಗಳು, ಪೇಟೆಂಟ್ ಚಿತ್ರಗಳು, ಹಾಡಿನ ಹಾಳೆಗಳು, ಪತ್ರಿಕೆಯ ತುಣುಕುಗಳು. ಮಿಡಲ್ಟನ್ ಹ್ಯಾರಿಸ್ ಮತ್ತು ಇನ್ನು ಮೂವರು ಸಂಗ್ರಹಕಾರರು ವರ್ಷಗಟ್ಟಲೆ ಕೂಡಿಟ್ಟದ್ದು. ಯಾವುದರ ಪಕ್ಕ ಯಾವುದು ಇರಬೇಕು ಅಂತ ಅವರ ಜೊತೆ ಕೂತು ಆರಿಸಿದವರು ಮಾರಿಸನ್. ಮುಖಪುಟದ ಮೇಲೆ ಅವರ ಹೆಸರಿಲ್ಲ. ಕನ್ನಡದ 'ಸಂಪಾದನೆ' ಅನ್ನುವ ಪದ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಗಳಿಸುವುದು, ಕೂಡಿಸುವುದು, ಸರಿಯಾಗಿ ಜೋಡಿಸಿ ಕೊಡುವುದು, ಎಲ್ಲ ಆ ಒಂದೇ ಮಾತಿನಲ್ಲಿದೆ.

ಅವರ ತಂದೆ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುವವರು. ಊರು ಒಹಾಯೊದ ಲೊರೇನ್, ಈರಿ ಸರೋವರದ ದಂಡೆ. ಒಂದು ದಿನ ಕೆಲಸದಿಂದ ಬಂದು, ಇವತ್ತು ಒಂದು ಬೆಸುಗೆ ಎಷ್ಟು ಚೆನ್ನಾಗಿ ಕೂತಿತೆಂದರೆ ಅದರ ಪಕ್ಕ ನನ್ನ ಹೆಸರಿನ ಅಕ್ಷರ ಕೆತ್ತಿ ಬಂದೆ ಅಂದರಂತೆ. ಅದನ್ನು ಯಾರು ನೋಡ್ತಾರೆ ಅಪ್ಪಾ ಅಂತ ಮಗಳು ಕೇಳಿದ್ದಕ್ಕೆ, ಯಾರೂ ನೋಡಲ್ಲ, ಆದ್ರೆ ಅದು ಅಲ್ಲಿದೆ ಅಂತ ನನಗೆ ಗೊತ್ತಲ್ಲ ಅನ್ನುವ ಅರ್ಥದ ಮಾತು ಹೇಳಿದರಂತೆ. ಈ ಪ್ರಸಂಗವನ್ನು ಮಾರಿಸನ್ ಮತ್ತೆ ಮತ್ತೆ ಹೇಳುತ್ತಿದ್ದರು. ಮುಖಪುಟದಲ್ಲಿ ಹೆಸರಿಲ್ಲದ ಆ ಪುಸ್ತಕ ಕೈಯಲ್ಲಿದ್ದಾಗೆಲ್ಲ ನನಗೆ ಆ ಬೆಸುಗೆಯೇ ನೆನಪಾಗುತ್ತದೆ.

ಕುಣಿಯಲ್ಲಿ ಕೂತ ಮಳೆ

ಇನ್ನು ನಾನು ಮಾಡಿದ ಒಂದು ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ಗದಗಿನ ಕಡೆಯ ಒಬ್ಬ ನಿವೃತ್ತ ಶಿಕ್ಷಕಿಯ ಮೊದಲ ಕಾದಂಬರಿ ನನ್ನ ಕೈಗೆ ಬಂತು. ಅವರನ್ನು ನಾನು ಅಕ್ಕೋರು ಅಂತಲೇ ಕರೆಯುತ್ತೇನೆ, ಅವರ ಊರಿನ ಮಕ್ಕಳು ಕರೆದ ಹಾಗೆ. ನೇಕಾರರ ಮನೆಯ ಕತೆ. ಮಾತುಕತೆ ಅಷ್ಟೇ ಅಲ್ಲ, ನಿರೂಪಣೆಯೂ ಅವರ ಕಡೆಯ ಕನ್ನಡದಲ್ಲೇ. ನಾನು ಹಳೇ ಮೈಸೂರಿನ ಕಡೆಯವಳು. ಎಲ್ಲರಿಗೂ ತಿಳಿಯುವ ಹಾಗಿರಬೇಕು ಅಂತ ಮನಸ್ಸಿನಲ್ಲಿಟ್ಟುಕೊಂಡು ತಿದ್ದಲು ಕೂತೆ. ಮಾತುಗಳನ್ನು ಹಾಗೇ ಬಿಟ್ಟು ನಿರೂಪಣೆಯನ್ನು ನೇರ ಮಾಡುತ್ತಾ ಹೋದೆ. ಒಂದು ಕಡೆ, "ಮಳಿ ಬಂತಂದ್ರ ಅದೂ ಬಂದು ನಮ್ಮ ಜಾಗಾದಾಗ ಕುಂದರತೈತಿ" ಅಂತ ಇತ್ತು. ನಾನು ಕೆಂಪು ಪೆನ್ನಿನಲ್ಲಿ, "ಮಳೆ ಬಂದರೆ ಮನೆ ಸೋರುತ್ತದೆ" ಅಂತ ಮಾಡಿದೆ. ಚೊಕ್ಕ ವಾಕ್ಯ. ಕಾಗುಣಿತ ಸರಿ, ಅರ್ಥ ಸರಿ. ಹಾಗಂದುಕೊಂಡಿದ್ದೆ.

ಅಕ್ಕೋರು ಬೆಂಗಳೂರಿಗೆ ಮಗನ ಮನೆಗೆ ಬಂದಿದ್ದಾಗ ಭೇಟಿಯಾದೆವು. ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತೆವು. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ನೋಡುತ್ತಾ ಬಂದರು. ನನ್ನ ಕೆಂಪು ಗುರುತುಗಳಿಗೆಲ್ಲ "ಆತು", "ಆತು" ಅನ್ನುತ್ತಿದ್ದರು. ಶಾಲೆಯಲ್ಲಿ ಮೂವತ್ತು ವರ್ಷ ಇನ್ನೊಬ್ಬರ ನೋಟ್‌ಬುಕ್ಕಿಗೆ ಕೆಂಪು ಗುರುತು ಹಾಕಿದವರು, ಈಗ ತಮ್ಮ ಪುಸ್ತಕದ ಮೇಲೆ ಬಿದ್ದದ್ದನ್ನು ತಾಳ್ಮೆಯಿಂದ ನೋಡುತ್ತಿದ್ದರು. ಆ ಸಾಲಿಗೆ ಬಂದಾಗ ಬೆರಳು ನಿಂತಿತು. ತಲೆ ಎತ್ತದೆ ಹೇಳಿದರು:

"ಸೋರೂದು ಬ್ಯಾರೆ, ತಂಗಿ."

ನಾನು ಸುಮ್ಮನಿದ್ದೆ.

"ಮಗ್ಗದ ಕುಣಿ ಇರತೈತಲ್ಲ, ಅದರಾಗ ಕಾಲು ಇಳಿಬಿಟ್ಟು ನಮ್ಮವ್ವ ಕುಂದರತಿದ್ಲು. ಮಳಿ ಬಂದ್ರ ನೀರು ಆ ಕುಣ್ಯಾಗ ಬಂದು ನಿಂದರತಿತ್ತು. ಅವ್ವ ಕುಂದ್ರೂ ಜಾಗಾದಾಗ ಮಳಿ ಕುಂತಿರತಿತ್ತು. ಅವತ್ತ ನೇಯೂದಿಲ್ಲ. ನೇಯಲಿಲ್ಲಂದ್ರ ಕೂಲಿ ಇಲ್ಲ. ಸೋರಿದ್ರ ಕೊಡಪಾನ ಇಟ್ರ ಆತು. ಇದಕ್ಕ ಏನ್ ಇಡ್ತಿ?"

ನಾನು ಕುಣಿಮಗ್ಗ ನೋಡಿದ್ದೆ, ವಸ್ತುಪ್ರದರ್ಶನದಲ್ಲಿ. ನೆಲದಲ್ಲಿ ತೋಡಿದ ಆ ಗುಂಡಿಗೆ ನೀರು ನುಗ್ಗುತ್ತದೆ ಅನ್ನುವುದು ತಲೆಗೇ ಹೋಗಿರಲಿಲ್ಲ. ಅಕ್ಕೋರು ಒಂದೇ ಸಾಲಿನಲ್ಲಿ ಮಳೆಯನ್ನೂ, ಅವ್ವನನ್ನೂ, ಅವತ್ತಿನ ಕೂಲಿಯನ್ನೂ ಹಿಡಿದಿದ್ದರು. ನಾನು ಅದನ್ನು ಸೋರುವ ಮನೆ ಮಾಡಿದ್ದೆ. ಸೋರುವ ಮನೆ ನೂರು ಕತೆಗಳಲ್ಲಿದೆ. ಮಗ್ಗದ ಕುಣಿಯಲ್ಲಿ ಕೂತ ಮಳೆ ನಾನು ಬೇರೆಲ್ಲೂ ಓದಿರಲಿಲ್ಲ. ಎಷ್ಟು ಸುಲಭವಾಗಿ ಅದನ್ನು ಅಳಿಸಿಹಾಕಿದ್ದೆ ಅಂತ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಅವತ್ತು ರಾತ್ರಿ ಮನೆಗೆ ಬಂದು ಮಾರಿಸನ್ ಅವರ ಒಂದು ಹಳೆಯ ಉಪನ್ಯಾಸವನ್ನು ಹುಡುಕಿ ಓದಿದೆ. ಅದರಲ್ಲಿ ಅವರು ತಮ್ಮ ಕಾದಂಬರಿಗಳ ಮೊದಲ ಸಾಲುಗಳನ್ನು ತಾವೇ ಬಿಚ್ಚಿ ನೋಡುತ್ತಾರೆ. 'ಸುಲಾ'ದ ಆರಂಭದ ಬಗ್ಗೆ ಅವರಿಗೆ ಬೇಸರವಿದೆ. ಕತೆ ನಿಜವಾಗಿ ಶುರುವಾಗಬೇಕಿದ್ದದ್ದು ಯುದ್ಧದಿಂದ ಮರಳಿ ಬಂದು ಚಿತ್ತ ಕೆಟ್ಟ ಶಾಡ್ರಾಕ್‌ನಿಂದ. ಆದರೆ ಹೊರಗಿನಿಂದ ಬರುವ ಓದುಗರು ತಬ್ಬಿಬ್ಬಾಗಬಾರದು ಅಂತ ಅದಕ್ಕೆ ಮೊದಲು ಕೆಲವು ಪುಟ ಸೇರಿಸಿದರು. ಹೊಸಬರನ್ನು ಕೂರಿಸಿ, ಉಪಚಾರ ಮಾಡಿ, ಆಮೇಲೆ ಒಳಗೆ ಕರೆದುಕೊಂಡು ಹೋಗುವ ಒಂದು ಪಡಸಾಲೆ. ಆ ಪಡಸಾಲೆ ಕಟ್ಟಿದ್ದು ತಪ್ಪಾಯಿತು, ಉಳಿದ ಪುಸ್ತಕಗಳಲ್ಲಿ ಹಾಗೆ ಮಾಡಲಿಲ್ಲ ಅನ್ನುವುದು ಅವರ ಮಾತಿನ ಸಾರ. ನಿಜ, 'ಬಿಲವೆಡ್' ಓದಲು ಕೂತವರನ್ನು ಯಾರೂ ಬಾಗಿಲಲ್ಲಿ ಕಾದು ಸ್ವಾಗತಿಸುವುದಿಲ್ಲ. ಮೊದಲ ಸಾಲಿಗೇ ಒಂದು ಮನೆಯ ನಂಬರು, ಆ ಮನೆಯ ಸಿಟ್ಟು. ಒಳಗೆ ಬಿದ್ದ ಮೇಲೆ ಕಣ್ಣು ತಾನಾಗೇ ಹೊಂದಿಕೊಳ್ಳುತ್ತದೆ.

ನಾನು ಅಕ್ಕೋರ ಮನೆಯ ಮುಂದೆ, ಅವರನ್ನು ಕೇಳದೆ, ನನ್ನಂಥವರಿಗಾಗಿ ಒಂದು ಪಡಸಾಲೆ ಕಟ್ಟುತ್ತಿದ್ದೆ. 'ಎಲ್ಲರಿಗೂ ತಿಳಿಯಬೇಕು' ಅಂದಾಗ ಆ ಎಲ್ಲರ ಪಟ್ಟಿಯಲ್ಲಿ ಗದಗಿನ ನೇಕಾರರ ಮನೆಯವರು ಇರಲೇ ಇಲ್ಲ. ಅವರಿಗೆ ತಿಳಿಯುವುದನ್ನೇ ನಾನು ಕೆಂಪು ಮಾಡಿದ್ದು. ಇದು ಕಾಗುಣಿತದ ತಪ್ಪಿನಂತಲ್ಲ. ಇದನ್ನು ಯಾವ ಪ್ರೂಫ್ ನೋಡುವವರೂ ಹಿಡಿಯಲಾರರು.

ಮರುದಿನ ಬೆಳಿಗ್ಗೆ ಅಕ್ಕೋರಿಗೆ ಫೋನ್ ಮಾಡಿ, ನಿರೂಪಣೆಯಲ್ಲಿ ನಾನು ಹಾಕಿದ ಗುರುತುಗಳನ್ನೆಲ್ಲ ತೆಗೆದುಹಾಕುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಬ್ಯಾಡವಾ, ಕೆಲವು ಖರೇನ ತಪ್ಪದಾವ" ಅಂದರು. ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ನೀರು ತುಂಬಿದ ಕುಣಿ ನೋಡೋಕೆ ಹೇಗಿರ್ತಿತ್ತು ಅಕ್ಕೋರೆ? ಅದನ್ನು ಯಾರು ಖಾಲಿ ಮಾಡ್ತಿದ್ರು? ಹದಿನೈದು ದಿನಕ್ಕೆ ಅಂಚೆಯಲ್ಲಿ ಎರಡು ಹಾಳೆ ಬಂದವು, ಎರಡೂ ಮಗ್ಗುಲು ಬರೆದದ್ದು. ಅವ್ವ ಕುಣಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ತಂಬಿಗೆಯಿಂದ ನೀರು ಎತ್ತಿ ಎತ್ತಿ ಹಾಕುವುದು. ಕೆಸರು ನೀರಿನಲ್ಲಿ ತೇಲುವ ನೂಲಿನ ತುಣುಕು. ಒದ್ದೆ ಗಂಜಿಯ ವಾಸನೆ. ಕೆಲಸವಿಲ್ಲದೆ ಗೋಡೆಗೆ ಒರಗಿದ ಲಾಳಿ. ಇಡೀ ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಪುಟಗಳು ಅವೇ. ಅವುಗಳಲ್ಲಿ ನನ್ನದು ಒಂದು ಅಕ್ಷರವೂ ಇಲ್ಲ.

ನೀರಿನಿಂದ ಎದ್ದು ಬಂದವಳು

ಗೆಳತಿಗೆ ಇದನ್ನೆಲ್ಲ ಹೇಳಿದರೆ ಅವಳು ಬಿಡುವವಳಲ್ಲ. "ಸರಿ, ಆದರೆ ಮಾರಿಸನ್ ತಮ್ಮ ದೊಡ್ಡ ಕಾದಂಬರಿ ಬರೆದದ್ದು ಕೆಲಸ ಬಿಟ್ಟ ಮೇಲೆ ತಾನೇ?" ಅನ್ನುತ್ತಾಳೆ. ಹೌದು. ನಾನು ಈ ಮಾತನ್ನು ಪಕ್ಕಕ್ಕೆ ಸರಿಸಲಾರೆ. ಕೆಲಸ ಬಿಡುವ ಹಾಗೆ ಹುರಿದುಂಬಿಸಿದವರಲ್ಲಿ ಅವರದೇ ಸಂಪಾದಕರೂ ಒಬ್ಬರು, ನಾಫ್ ಪ್ರಕಾಶನದ ರಾಬರ್ಟ್ ಗಾಟ್ಲೀಬ್. 'ಸುಲಾ' ಬಂದ ಮೇಲೆ, ಈ ಪುಸ್ತಕ ಪುಟ್ಟದಾಗಿ, ಬಿಗಿಯಾಗಿ ಚೆನ್ನಾಗಿದೆ, ಇನ್ನು ಮುಂದೆ ಕೈಬಿಚ್ಚಿ ಬರೆಯಬಹುದು ಅಂತ ಹೇಳಿದವರೂ ಅವರೇ. ಮುಂದಿನ ಕಾದಂಬರಿ ನಿಜಕ್ಕೂ ಮೈಚೆಲ್ಲಿ ಹರಿಯಿತು. ಇನ್ನೊಬ್ಬರ ಪುಸ್ತಕದಲ್ಲಿ ಏನು ಅಡಗಿದೆ ಅಂತ ಅಷ್ಟು ಚೆನ್ನಾಗಿ ಕಾಣಬಲ್ಲ ಮಾರಿಸನ್‌ಗೂ ತನ್ನದನ್ನು ತೋರಿಸಲು ಬೇರೊಂದು ಜೊತೆ ಕಣ್ಣು ಬೇಕಾಯಿತು.

ಕೆಲಸ ಬಿಟ್ಟ ಕೆಲವೇ ದಿನಗಳ ಮೇಲಿನ ಒಂದು ಗಳಿಗೆಯನ್ನು ಅವರು 'ಬಿಲವೆಡ್'ನ ಮುನ್ನುಡಿಯಲ್ಲಿ ಬರೆದಿದ್ದಾರೆ. ಹಡ್ಸನ್ ನದಿಯ ದಂಡೆಯ ಮನೆ. ನೀರಿನೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಕೂತಿದ್ದಾರೆ. ನೆಮ್ಮದಿ ಇರಬೇಕಿದ್ದ ಕಡೆ ಎದೆ ಡವಡವ ಅನ್ನುತ್ತಿದೆ. ಭಯವೋ ಏನೋ ಅಂದುಕೊಂಡರು. ಆಮೇಲೆ ಗೊತ್ತಾಯಿತು, ಇದು ಸಂತೋಷ, ಇದು ಬಿಡುಗಡೆ. ಆ ದಿನಗಳಲ್ಲೇ ಅವರ ಕಲ್ಪನೆಯಲ್ಲಿ ಒಬ್ಬ ಹೆಣ್ಣು ಆ ನೀರಿನಿಂದ ಎದ್ದು, ಕಲ್ಲು ಹತ್ತಿ ಬಂದು ನಿಂತಳಂತೆ. ತಲೆಯ ಮೇಲೆ ಚೆಂದದ ಹ್ಯಾಟು.

ಅವಳು ಎಲ್ಲಿಂದ ಬಂದಳು ಅನ್ನುವುದು ನನ್ನ ಪ್ರಶ್ನೆ. 1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಅನ್ನುವ ಗುಲಾಮ ಹೆಂಗಸು ಕೆಂಟಕಿಯಿಂದ ಮಕ್ಕಳೊಂದಿಗೆ ಓಡಿದಳು. ಒಹಾಯೊ ನದಿ ಹೆಪ್ಪುಗಟ್ಟಿತ್ತು, ಅದರ ಮೇಲೆ ನಡೆದು ಸಿನ್ಸಿನಾಟಿ ಮುಟ್ಟಿದಳು. ಹಿಡಿಯುವವರು ಮನೆ ಸುತ್ತುವರಿದಾಗ, ಮತ್ತೆ ಗುಲಾಮಗಿರಿಗೆ ಮರಳುವುದು ಬೇಡ ಅಂತ ತನ್ನ ಪುಟ್ಟ ಮಗಳನ್ನು ಕೈಯಾರೆ ಕೊಂದಳು. ಅವಳ ಮೇಲೆ ಕೊಲೆಯ ಮೊಕದ್ದಮೆ ಹೂಡಬೇಕೋ, ಓಡಿಹೋದ ಆಸ್ತಿ ಅಂತ ಒಡೆಯನಿಗೆ ವಾಪಸು ಕೊಡಬೇಕೋ ಅಂತ ವಾದ ನಡೆಯಿತು. ಕೊನೆಗೆ ವಾಪಸು ಕೊಟ್ಟರು. ಅವಳನ್ನು ಜೈಲಿನಲ್ಲಿ ಕಂಡ ಒಬ್ಬರು ಬರೆದ ಪತ್ರಿಕಾ ವರದಿ 'ದಿ ಬ್ಲ್ಯಾಕ್ ಬುಕ್'ನಲ್ಲಿದೆ. ಮಾರಿಸನ್ ಅದನ್ನು ಓದಿದ್ದು ಆಗ, ಸಂಪಾದಕಿಯ ಕುರ್ಚಿಯಲ್ಲಿ ಕೂತಾಗ. ರಾಶಿ ರಾಶಿ ತುಣುಕುಗಳ ನಡುವೆ ಒಂದು ತುಣುಕು. ಪುಟದಲ್ಲಿ ಅದಕ್ಕೊಂದು ಜಾಗ ಕೊಟ್ಟು ಮುಂದಿನ ಕೆಲಸಕ್ಕೆ ಹೋದರು. ಅದು ಹದಿಮೂರು ವರ್ಷ ಒಳಗೇ ಇದ್ದು 1987ರಲ್ಲಿ 'ಬಿಲವೆಡ್' ಕಾದಂಬರಿಯಾಯಿತು.

ಬಿಡುವು ಸಿಗದಿದ್ದರೆ ಆ ಹೆಣ್ಣು ನೀರಿನಿಂದ ಏಳುತ್ತಿರಲಿಲ್ಲವೇನೋ. ಒಪ್ಪುತ್ತೇನೆ. ಆದರೆ ಆ ಕುರ್ಚಿಯಲ್ಲಿ ಕೂರದಿದ್ದರೆ ಅವಳು ಆ ನೀರಿನೊಳಗೆ ಇರುತ್ತಲೇ ಇರಲಿಲ್ಲ. ಇದಕ್ಕಿಂತ ಹೆಚ್ಚು ಗಟ್ಟಿಯಾಗಿ ನಾನು ಹೇಳಲಾರೆ.

ಇನ್ನೊಂದು ಮಾತಿದೆ, ಅದು ಸಿಹಿಯಲ್ಲ. ಅವರು ಬಿಟ್ಟು ಹೋದ ಮೇಲೆ ಆ ಪ್ರಕಾಶನದಿಂದ ಬರುವ ಕಪ್ಪು ಲೇಖಕರ ಪುಸ್ತಕಗಳು ಕಡಿಮೆಯಾದವು. ಒಂದು ಕುರ್ಚಿ ಖಾಲಿಯಾದರೆ ಎಷ್ಟು ಬಾಗಿಲು ಮುಚ್ಚುತ್ತವೆ ಅಂತ ಆಗ ಗೊತ್ತಾಗುತ್ತದೆ. ಬರದೇ ಹೋದ ಆ ಪುಸ್ತಕಗಳ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. 'ಬಿಲವೆಡ್' ಸಿಕ್ಕಿತು ಅನ್ನುವ ಸಂತೋಷದ ಪಕ್ಕದಲ್ಲೇ ಈ ಸಂಕಟವೂ ನನಗಿದೆ. ಎರಡನ್ನೂ ತಕ್ಕಡಿಗೆ ಹಾಕಿ ತೂಗಲು ನನ್ನಿಂದ ಆಗುವುದಿಲ್ಲ.

ಗೆಳತಿಯ ಹಸ್ತಪ್ರತಿ

1995ರಲ್ಲಿ ಟೋನಿ ಕೇಡ್ ಬಂಬಾರಾ ತೀರಿಕೊಂಡರು. 1972ರಲ್ಲಿ ಅವರ ಕತೆಗಳನ್ನು ಮೊದಲ ಸಲ ಪುಸ್ತಕವಾಗಿ ತಂದವರು ಮಾರಿಸನ್. ಆಗಿನಿಂದ ಗೆಳೆತನ. ಬಂಬಾರಾ ವರ್ಷಗಟ್ಟಲೆ ಒಂದು ದೊಡ್ಡ ಕಾದಂಬರಿಯಲ್ಲಿ ತೊಡಗಿದ್ದರು. ಅಟ್ಲಾಂಟಾದಲ್ಲಿ 1979ರಿಂದ 1981ರವರೆಗೆ ಕಪ್ಪು ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗಿ ಕೊಲೆಯಾದ ಕಾಲದ ಕತೆ. ಮುಗಿಸಿ ಅಚ್ಚಿಗೆ ಕೊಡುವ ಮೊದಲೇ ಕಾಯಿಲೆ ಅವರನ್ನು ಕರೆದೊಯ್ದಿತು. ಆ ಭಾರೀ ಹಸ್ತಪ್ರತಿಯನ್ನು ಕೈಗೆತ್ತಿಕೊಂಡವರು ಮಾರಿಸನ್. ಆಗ ಅವರು ರ‍್ಯಾಂಡಮ್ ಹೌಸ್ ಬಿಟ್ಟು ಹನ್ನೆರಡು ವರ್ಷ. ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕರು. ನೊಬೆಲ್ ಬಂದಾಗಿತ್ತು. ಯಾರ ಹಸ್ತಪ್ರತಿಯನ್ನೂ ಮುಟ್ಟಬೇಕಾದ ಅಗತ್ಯ ಅವರಿಗಿರಲಿಲ್ಲ. ಕೂತು, ಓದಿ, ಕಡಿದು, ಜೋಡಿಸಿ, 1999ರಲ್ಲಿ ಗೆಳತಿಯ ಹೆಸರಿನಲ್ಲಿ ಹೊರತಂದರು. ಅದಕ್ಕೂ ಮೊದಲು ಬಂಬಾರಾ ಅವರ ಬಿಡಿ ಬರಹಗಳ ಇನ್ನೊಂದು ಪುಸ್ತಕ.

ನಾನು ಆ ದೃಶ್ಯವನ್ನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಎದುರಿಗೆ ಕೂತು "ಅದು ನೋಡೋಕೆ ಹೇಗಿತ್ತು?" ಅಂತ ಕೇಳಲು ಬರೆದವರೇ ಇಲ್ಲ. ಒಂದು ಪುಟ ತೆಗೆಯಬೇಕಾದರೆ ಅವರ ಒಪ್ಪಿಗೆ ಕೇಳುವ ಹಾಗಿಲ್ಲ. ಇಪ್ಪತ್ತು ವರ್ಷ ಕಿವಿಯಲ್ಲಿ ಕೇಳಿದ ಗೆಳತಿಯ ದನಿಯೊಂದೇ ಅಳತೆಗೋಲು. ಈ ವಾಕ್ಯ ಅವಳು ಹೀಗೆ ಹೇಳುತ್ತಿದ್ದಳೇ, ಇಲ್ಲವೇ? ಅಷ್ಟೇ. ಆ ವರ್ಷಗಳಲ್ಲಿ ಅವರು ತಮ್ಮ ಕಾದಂಬರಿಯನ್ನೂ ಬರೆಯುತ್ತಿದ್ದರು.

ನನ್ನ ಗೆಳತಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಈ ಬರಹವನ್ನು ಅವಳು ಓದುತ್ತಾಳೆ, ಅದಕ್ಕೇ ಇಲ್ಲೇ ಹೇಳುತ್ತೇನೆ. ಈಗ ಮೂರು ವಾರದಿಂದ ಐದಕ್ಕೆ ಏಳುತ್ತಿದ್ದೇನೆ. ಡ್ರಾಯರಿನಿಂದ ಆ 40 ಪುಟ ಹೊರಗೆ ಬಂದಿವೆ, 46 ಆಗಿವೆ. ಏಳೂವರೆಗೆ ಅವನ್ನು ಮುಚ್ಚಿ ಮೇಜಿನ ಮೇಲಿನ ಹಸ್ತಪ್ರತಿ ತೆಗೆಯುತ್ತೇನೆ. ಒಂದು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕೈಯಲ್ಲಿ ಇರುವುದು ಅದೇ ಪೆನ್ಸಿಲ್. ಕೆಂಪು ಪೆನ್ನು ಬಿಟ್ಟು ಬಹಳ ದಿನವಾಯಿತು.

ಅಕ್ಕೋರ ಕಾದಂಬರಿ ಅಚ್ಚಾಗಿ ಬಂದು ಮೊನ್ನೆಗೆ ಎರಡು ತಿಂಗಳು. ಹೋದ ಭಾನುವಾರ ಅವರ ಫೋನು. ಊರಿನಲ್ಲಿ ಅವರ ತಂಗಿಗೆ ಓದು ಬರುವುದಿಲ್ಲ. ಮೊಮ್ಮಗಳ ಕೈಯಲ್ಲಿ ದಿನಾ ಸಂಜೆ ಒಂದೊಂದು ಅಧ್ಯಾಯ ಓದಿಸಿ ಕೇಳುತ್ತಿದ್ದಾರಂತೆ. ಕುಣಿಯ ಪುಟಗಳು ಬಂದ ದಿನ ಮೊಮ್ಮಗಳನ್ನು ತಡೆದು, ಮತ್ತೊಮ್ಮೆ ಓದಿಸಿದರಂತೆ.

"ಕೇಳಿ ಏನಂದ್ಲು ಗೊತ್ತೈತೇನವಾ? ಆ ನೀರು ಎತ್ತಿ ಹಾಕಿದಾಕಿ ಅವ್ವ ಅಲ್ಲ, ನಾನು ಅಂದ್ಲು. ಅವ್ವಗ ಬೆನ್ನು ಬ್ಯಾನಿ ಇತ್ತು, ಬಗ್ಗಾಕ ಆಗ್ತಿದ್ದಿಲ್ಲ, ದಿನಾ ನಾನ ಎತ್ತಿ ಹಾಕ್ತಿದ್ದೆ, ಅಕ್ಕ ಸಾಲಿಗೆ ಹೋಗಿರತಿದ್ಲು, ಆಕಿಗೆ ಹೆಂಗ ಗೊತ್ತಾಗಬೇಕು ಅಂದ್ಲು."

ಅಕ್ಕೋರ ದನಿ ಸ್ವಲ್ಪ ಸಣ್ಣದಾಯಿತು. "ಖರೇ ಐತಿ, ತಂಗಿ. ನಾ ಸಾಲಿಗೆ ಹೋಗಿರತಿದ್ದೆ. ಎರಡನೇ ಮುದ್ರಣ ಆದ್ರ ಇದನ್ನ ತಿದ್ದಬೇಕು."

ಕಪಾಟಿನಿಂದ ನನ್ನ ಪ್ರತಿ ತೆಗೆದು ಆ ಪುಟ ಹುಡುಕಿದೆ. 'ಅವ್ವ' ಅಂತ ಇದ್ದ ಕಡೆ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಗೆರೆ ಎಳೆದು, ಅಂಚಿನಲ್ಲಿ 'ತಂಗಿ' ಅಂತ ಬರೆದೆ. ಆಮೇಲೆ ಕೇಳಿದೆ, "ಅಕ್ಕೋರೆ, ಆಗ ಆಕಿಗೆ ಎಷ್ಟು ವರ್ಷ?"